ವೈನಿಗೆ, ಕೂಸಿನ ಎಕೋ ಬಗ್ಗೆ

ಲೀಡ್ಸ್

ಪ್ರೀತಿಯ ವೈನಿ,

ಕೂಸಿನ ಎದೆಯಲ್ಲಿ ಮರ್ಮರ್, ಅಂದರೆ ಬಡಿತದ ಜೊತೆ ಇನ್ನೊಂದು ಸದ್ದು ಕೇಳಿಸಿತು, ಹುಬ್ಬಳ್ಳಿಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿ ಅಂತ ಗದಗಿನ ಡಾಕ್ಟರು ಹೇಳಿದರಂತೆ. ಅಣ್ಣ ಫೋನ್ ಮಾಡಿದ್ದ. "ಎಕೋ ಯಾಕೆ, ಸೀದಾ ಸಿ.ಟಿ. ಮಾಡಿಸೋಣ, ದೊಡ್ಡ ಮಷೀನು" ಅಂತ ಅವನ ವಾದ. ಅವನ ಜೊತೆ ವಾದ ಮಾಡಿ ಗೆದ್ದವರುಂಟಾ? ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮೊದಲು ಎಕೋನೇ ಸರಿ. ನಾನು ಇಲ್ಲಿ ದಿನಾ ಮಾಡುವ ಕೆಲಸ ಅದೇ. ನೀವು ಬಸುರಿ ಇದ್ದಾಗ ಹೊಟ್ಟೆಗೆ ಸ್ಕ್ಯಾನ್ ಮಾಡಿದರಲ್ಲ, ಅದೇ ಶಬ್ದದ ಅಲೆ. ವಿಕಿರಣ ಇಲ್ಲ, ಸೂಜಿ ಇಲ್ಲ. ಕೂಸಿನ ಎದೆ ಚಿಕ್ಕದು, ತೆಳ್ಳಗೆ. ಹಾಗಾಗಿ ದೊಡ್ಡವರಿಗಿಂತ ಚಿತ್ರ ಚೆನ್ನಾಗಿ ಬರುತ್ತದೆ. ಸಿ.ಟಿ.ಯಲ್ಲಿ ವಿಕಿರಣ ಇದೆ, ಚಿತ್ರ ಸ್ಪಷ್ಟವಾಗಿ ಕಾಣಲಿ ಅಂತ ರಕ್ತನಾಳಕ್ಕೆ ಡೈ ಕೊಡಬೇಕಾಗುತ್ತದೆ. ಎಂ.ಆರ್.ಐ.ಗೆ ತುಂಬಾ ಹೊತ್ತು ಅಲುಗಾಡದೆ ಮಲಗಬೇಕು. ಎಳೆ ಕೂಸಾದರೆ ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ, ನಿದ್ದೆ ಹತ್ತಿದ ಮೇಲೆ ಮಾಡುತ್ತೇವೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಔಷಧಿ ಕೊಟ್ಟು ನಿದ್ದೆ ಬರಿಸಬೇಕು. ಎಕೋದಲ್ಲಿ ಸರಿಯಾಗಿ ಕಾಣದ ದೊಡ್ಡ ರಕ್ತನಾಳಗಳನ್ನು ನೋಡಬೇಕಾದಾಗ ಸಿ.ಟಿ., ಎಂ.ಆರ್.ಐ. ಬೇಕು. ಸುಮ್ನೆ ಮಾಡಿಸುವಂಥವಲ್ಲ.

ಇನ್ನೊಂದು ಮಾತು. ಪರದೆಯ ಮೇಲೆ ನೀಲಿ ಕಂಡರೆ ಹೆದರಬೇಡಿ. ಇಲ್ಲಿನ ತಾಯಂದಿರೂ ನೀಲಿ ಕಂಡ ಕೂಡಲೇ ನನ್ನ ಮುಖ ನೋಡುತ್ತಾರೆ. ಕೆಂಪು ಅಂದರೆ ಒಳ್ಳೆ ರಕ್ತ, ನೀಲಿ ಅಂದರೆ ಕೆಟ್ಟ ರಕ್ತ ಅಲ್ಲ. ನಾವು ಕೈಯಲ್ಲಿ ಹಿಡಿದು ಎದೆಯ ಮೇಲೆ ಇಡುವ ಪ್ರೋಬ್ ಕಡೆಗೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ. ಅಷ್ಟೇ. ಹೃದಯದೊಳಗಿನ ಗೋಡೆಯ ಸಣ್ಣ ತೂತಿನಿಂದ ರಕ್ತ ರಭಸವಾಗಿ ನುಗ್ಗಿದರೆ ಹಳದಿ, ಹಸಿರು ಎಲ್ಲಾ ಕಲಸಿಕೊಂಡು ಚಿಮ್ಮುತ್ತದೆ. ನಾವು ಹುಡುಕುವುದು ಅದನ್ನೇ.

ಮರ್ಮರ್ ಜೋರಾಗಿದೆ ಅಂದಮಾತ್ರಕ್ಕೆ ತೂತು ದೊಡ್ಡದಲ್ಲ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಸಣ್ಣ ತೂತೇ ಎಷ್ಟೋ ಸಲ ಜಾಸ್ತಿ ಸದ್ದು ಮಾಡುತ್ತದೆ. ಅಂಥವು ಬಹಳಷ್ಟು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ನಮ್ಮ ಕೂಸಿಗೆ ಏನಿದೆ ಅನ್ನುವುದು ಎಕೋ ಆದ ಮೇಲೇ ಗೊತ್ತಾಗಬೇಕು. ಅಷ್ಟರಲ್ಲಿ ಹಾಲು ಕುಡಿಯುವಾಗ ದಣಿದು ಬಿಡುವುದು, ಹಣೆ ಬೆವರುವುದು, ಏದುಸಿರು ಕಂಡರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ. ತುಟಿ ನೀಲಿಯಾದರೆ ಆ ಕ್ಷಣವೇ ಹೊರಡಿ.

ಅವತ್ತು ಬೆಳಿಗ್ಗೆ ಎಣ್ಣೆ ಹಚ್ಚಿ ಎರೆಯುವುದು ಬೇಡ. ಎದೆಗೆ ಅಂಟಿಸುವ ಇಸಿಜಿ ಸ್ಟಿಕ್ಕರ್ ಜಾರುತ್ತದೆ. ಅವ್ವ ಒಪ್ಪುವುದಿಲ್ಲ, ಗೊತ್ತು. ನಾನೇ ಹೇಳಿದೆ ಅನ್ನಿ. ಮುಂದೆ ಬಿಚ್ಚುವ ಅಂಗಿ ಹಾಕಿ. ಹಾಲು ಕುಡಿಸುವುದನ್ನು ಒಳಗೆ ಕರೆಯುವ ಹೊತ್ತಿಗೆ ಇಟ್ಟುಕೊಳ್ಳಿ, ಕುಡಿಯುತ್ತಾ ಮಲಗಿದರೆ ಅರ್ಧ ಕೆಲಸ ಮುಗಿಯಿತು. ತೂತಿದ್ದರೆ ಎಷ್ಟು ಮಿಲಿಮೀಟರ್, ಹೃದಯದ ಕೋಣೆ ಹಿಗ್ಗಿದೆಯಾ, ಶ್ವಾಸಕೋಶದ ರಕ್ತನಾಳದ ಒತ್ತಡ ಎಷ್ಟು ಅಂತ ಕೇಳಿ ಬನ್ನಿ. ರಿಪೋರ್ಟಿನ ಫೋಟೋ ಅಣ್ಣ ಕಳಿಸಲಿ, ಪೂರ್ತಿ ಪುಟ ಕಾಣುವ ಹಾಗೆ.

ನಿಮ್ಮ ಮೈದುನ