ಠೇವಣಿ ಮುಳುಗಿದರೆ ಹೊಣೆ ಯಾರದು? ನಮ್ಮ ಭಾಗದ ಶಾಸಕರಿಗೆ, ಸಂಸದರಿಗೆ ಬಹಿರಂಗ ಪತ್ರ

ಮಾನ್ಯರೇ,

ಬೇಸಿಗೆ ಭತ್ತದ ದುಡ್ಡು ರೈತರ ಕೈ ಸೇರುವ ಹೊತ್ತಿಗೆ ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಠೇವಣಿ ಕೇಳಿಕೊಂಡು ಬರುವವರ ಓಡಾಟ ಜೋರಾಗುತ್ತದೆ. ಬ್ಯಾಂಕಿಗಿಂತ ಜಾಸ್ತಿ ಬಡ್ಡಿ, ಹಿರಿಯರಿಗೆ ಇನ್ನೂ ಅರ್ಧ ಪರ್ಸೆಂಟ್, ಮನೆ ಬಾಗಿಲಿಗೇ ಪಿಗ್ಮಿ. ಈ ಹಣ ಮುಳುಗಿದರೆ ಎಷ್ಟು ವಾಪಸ್ ಸಿಗುತ್ತದೆ, ಯಾವ ಕಾಯ್ದೆಯ ಪ್ರಕಾರ ಸಿಗುತ್ತದೆ ಎಂದು ಜನಪ್ರತಿನಿಧಿಗಳನ್ನು ಕೇಳಿದರೆ ಬರುವ ಉತ್ತರ ಮೂರೇ ಬಗೆಯದು. ಶಾಸಕರಾದವರು ‘ಅದು ರಿಸರ್ವ್ ಬ್ಯಾಂಕಿಗೆ ಬಿಟ್ಟದ್ದು’ ಎನ್ನುತ್ತಾರೆ. ಸಂಸದರಾದವರು ‘ಸಹಕಾರ ರಾಜ್ಯದ ವಿಷಯ’ ಎನ್ನುತ್ತಾರೆ. ಎರಡೂ ನಡೆಯದಿದ್ದರೆ ‘ಯಾರ ದುಡ್ಡೂ ಎಲ್ಲಿಗೂ ಹೋಗಲ್ಲ, ನಾವಿದ್ದೇವೆ’. ಮೊದಲ ಎರಡರಲ್ಲಿ ಅರ್ಧರ್ಧ ಸತ್ಯವಿದೆ, ಮೂರನೆಯದರಲ್ಲಿ ಅಷ್ಟೂ ಇಲ್ಲ. ಬ್ಯಾಂಕು ಮತ್ತು ಸಹಕಾರ ಸಂಘಗಳ ಲೆಕ್ಕಪತ್ರದ ಕೆಲಸ ಮಾಡುವ ನಾವು, ಯಾವ ಪ್ರಶ್ನೆ ಯಾರ ಪಾಲಿನದು ಎಂದು ಇಲ್ಲಿ ಬಿಡಿಸಿ ಇಡುತ್ತಿದ್ದೇವೆ.

ಬ್ಯಾಂಕಿಂಗ್ ಸಂವಿಧಾನದ ಕೇಂದ್ರ ಪಟ್ಟಿಯ 45ನೇ ನಮೂದು. ರಿಸರ್ವ್ ಬ್ಯಾಂಕಿನ ಪೂರ್ಣ ಒಡೆತನದ ಠೇವಣಿ ವಿಮೆ ನಿಗಮ, ಅಂದರೆ ಡಿಐಸಿಜಿಸಿ, ಬ್ಯಾಂಕುಗಳ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆ ಕೊಡುತ್ತದೆ. ಇದು ಸರ್ಕಾರದ ಬೊಕ್ಕಸದ ಹಣವಲ್ಲ, ಬ್ಯಾಂಕುಗಳು ಕಟ್ಟುವ ಪ್ರೀಮಿಯಂನಿಂದ ಬರುವ ಹಣ. ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳು ಅಂದರೆ ಡಿಸಿಸಿ ಬ್ಯಾಂಕುಗಳು, ಪಟ್ಟಣ ಸಹಕಾರ ಬ್ಯಾಂಕುಗಳು, ರಾಷ್ಟ್ರೀಕೃತ ಬ್ಯಾಂಕುಗಳು ಎಲ್ಲವೂ ಇದರೊಳಗೆ ಬರುತ್ತವೆ.

5 ಲಕ್ಷವೆಂದರೆ ಏನು ಎನ್ನುವುದರಲ್ಲೇ ಜನ ಎಡವುತ್ತಾರೆ. ಅಸಲು, ಬಡ್ಡಿ ಎರಡೂ ಸೇರಿ ಆ ಮಿತಿ. 4,80,000 ಅಸಲಿಗೆ 30,000 ಬಡ್ಡಿ ಕೂಡಿದ್ದರೆ ಸಿಗುವುದು 5,00,000, ಮೇಲಿನ 10,000 ವಿಮೆಯ ಹೊರಗೆ. ಗಂಗಾವತಿ ಶಾಖೆಯಲ್ಲಿ 3 ಲಕ್ಷ, ಕೊಪ್ಪಳ ಶಾಖೆಯಲ್ಲಿ 4 ಲಕ್ಷ ಎಂದು ಒಂದೇ ಬ್ಯಾಂಕಿನಲ್ಲಿ ಹಂಚಿಟ್ಟರೂ ಅದು ಒಂದೇ ಲೆಕ್ಕ. ಗಂಡನ ಹೆಸರಲ್ಲಿ ಒಂದು, ಹೆಂಡತಿಯ ಹೆಸರಲ್ಲಿ ಒಂದು, ಇಬ್ಬರ ಜಂಟಿ ಖಾತೆ ಒಂದು ಇದ್ದರೆ ಮಾತ್ರ ಮೂರೂ ಬೇರೆ ಬೇರೆ. ಅದೇ ಬ್ಯಾಂಕಿನಲ್ಲಿ ಬೆಳೆ ಸಾಲ ಇದ್ದರೆ ಅದನ್ನು ಮೊದಲು ಮುರಿದುಕೊಳ್ಳುತ್ತಾರೆ: 6 ಲಕ್ಷ ಠೇವಣಿ, 2 ಲಕ್ಷ ಸಾಲ ಇದ್ದವರ ಲೆಕ್ಕ 4 ಲಕ್ಷಕ್ಕೆ ನಿಲ್ಲುತ್ತದೆ.

ಸಂಸದರೇ, ನಿಮ್ಮ ಪಾಲಿನ ಪ್ರಶ್ನೆ ಇಲ್ಲಿಂದ ಶುರು. 1962ರಲ್ಲಿ ಈ ವಿಮೆ ಆರಂಭವಾದಾಗ ಮಿತಿ 1,500 ರೂಪಾಯಿ. 1993ರಲ್ಲಿ ಅದು 1 ಲಕ್ಷವಾಯಿತು, ಆಮೇಲೆ 27 ವರ್ಷ ಅಲ್ಲೇ ನಿಂತಿತು. 2019ರ ಸೆಪ್ಟೆಂಬರ್‌ನಲ್ಲಿ ಮುಂಬೈನ ಪಿಎಂಸಿ ಬ್ಯಾಂಕಿನ ಮೇಲೆ, 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಬೆಂಗಳೂರಿನಲ್ಲಿ ಒಬ್ಬ ಠೇವಣಿದಾರ ತೆಗೆಯಬಹುದಾಗಿದ್ದದ್ದು 35,000 ರೂಪಾಯಿ. ಮಿತಿ 5 ಲಕ್ಷಕ್ಕೆ ಏರಿದ್ದು 2020ರ ಫೆಬ್ರುವರಿ 4ರಂದು, ಅಂದರೆ ಜನ ಬೀದಿಗೆ ಬಂದ ಮೇಲೆ. 2025ರ ಫೆಬ್ರುವರಿಯಲ್ಲಿ ಮುಂಬೈನ ನ್ಯೂ ಇಂಡಿಯಾ ಸಹಕಾರ ಬ್ಯಾಂಕಿನ ಪ್ರಕರಣ ಬಯಲಾದಾಗ ಮಿತಿ ಏರಿಸುವ ವಿಚಾರ ಪರಿಶೀಲನೆಯಲ್ಲಿದೆ ಎಂದು ಕೇಂದ್ರ ಹಣಕಾಸು ಸಚಿವಾಲಯದವರೇ ಹೇಳಿದ್ದರು. ಆ ಪರಿಶೀಲನೆ ಎಲ್ಲಿಗೆ ಬಂತು? ಇನ್ನೊಂದು ಬ್ಯಾಂಕು ಮುಳುಗುವವರೆಗೆ ಕಾಯದೆ, ಮಿತಿಯನ್ನು ಇಂತಿಷ್ಟು ವರ್ಷಕ್ಕೊಮ್ಮೆ ಬೆಲೆಯೇರಿಕೆಗೆ ತಕ್ಕಂತೆ ಪರಿಷ್ಕರಿಸಬೇಕೆಂದು ಕಾಯ್ದೆಯಲ್ಲೇ ಸೇರಿಸಲು ನೀವು ಲೋಕಸಭೆಯಲ್ಲಿ ಕೇಳುತ್ತೀರಾ? ಪ್ರಶ್ನೆಗೆ 15 ದಿನ ಮುಂಚೆ ನೋಟಿಸ್ ಕೊಟ್ಟರೆ ಸಾಕು.

2021ರ ತಿದ್ದುಪಡಿ ಒಳ್ಳೆಯ ಕೆಲಸ, ಅದನ್ನು ಅಲ್ಲಗಳೆಯುವುದಿಲ್ಲ. ಮೊದಲು ಬ್ಯಾಂಕಿನ ಲೈಸೆನ್ಸ್ ರದ್ದಾಗಿ ಸಮಾಪನೆ (ಬ್ಯಾಂಕು ಮುಚ್ಚಿ ಲೆಕ್ಕ ತೀರಿಸುವ ಕೆಲಸ) ಶುರುವಾಗುವವರೆಗೆ ವಿಮೆ ಹಣ ಬರುತ್ತಿರಲಿಲ್ಲ. ಈಗ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದ ದಿನದಿಂದ 90 ದಿನ: ಬ್ಯಾಂಕು ಪಟ್ಟಿ ಕೊಡಲು 45, ನಿಗಮ ಪರಿಶೀಲಿಸಲು 30, ಪಾವತಿಗೆ 15. ಬ್ಯಾಂಕನ್ನು ಇನ್ನೊಂದಕ್ಕೆ ಸೇರಿಸುವ ಮಾತು ನಡೆದಿದ್ದರೆ ಇನ್ನೂ 90 ದಿನ ಮುಂದೆ ಹೋಗಬಹುದು. ಹಳ್ಳಿಯವರಿಗೆ ತೊಡಕಾಗುವುದು ಆ ಮೊದಲ 45 ದಿನಗಳಲ್ಲಿ. ಠೇವಣಿದಾರರು ಒಪ್ಪಿಗೆ ಪತ್ರ, ಗುರುತಿನ ದಾಖಲೆ, ಬೇರೆ ಬ್ಯಾಂಕಿನ ಖಾತೆ ಸಂಖ್ಯೆ ಕೊಡಬೇಕು. ಪಾಸ್‌ಬುಕ್ಕಿನಲ್ಲಿ ‘ಬಸಮ್ಮ’ ಎಂದಿರುತ್ತದೆ, ಆಧಾರ್‌ನಲ್ಲಿ ‘ಬಸವ್ವ’. ಖಾತೆದಾರರು ತೀರಿಕೊಂಡು ನಾಮಿನಿ ಇಲ್ಲದಿದ್ದರೆ ವಾರಸಾ ಪ್ರಮಾಣಪತ್ರಕ್ಕೆ ಅಲೆದಾಟ. ಪಟ್ಟಿಯಿಂದ ಒಮ್ಮೆ ಹೆಸರು ಬಿಟ್ಟುಹೋದರೆ 90 ದಿನವೆಂಬುದು ಅವರ ಪಾಲಿಗೆ ಕಾಗದದ ಮೇಲಿನ ಮಾತು.

ಇನ್ನು ಶಾಸಕರ ಪಾಲು. ನಮ್ಮ ಭಾಗಕ್ಕೆ ದೊಡ್ಡ ಅಪಾಯ ಇರುವುದೂ ಇಲ್ಲೇ.

ಪತ್ತಿನ ಸಹಕಾರ ಸಂಘಗಳು, 1997ರ ಸೌಹಾರ್ದ ಕಾಯ್ದೆಯಡಿಯ ಪತ್ತಿನ ಸಹಕಾರಿಗಳು, ಹಳ್ಳಿಯ ವ್ಯವಸಾಯ ಸೇವಾ ಸಹಕಾರ ಸಂಘಗಳು (ವಿಎಸ್‌ಎಸ್‌ಎನ್), ಬಹುರಾಜ್ಯ ಪತ್ತಿನ ಸಂಘಗಳು: ಇವುಗಳ ಠೇವಣಿಗೆ ಡಿಐಸಿಜಿಸಿ ವಿಮೆ ಒಂದು ರೂಪಾಯಿಯೂ ಇಲ್ಲ. ಬ್ಯಾಂಕೇತರ ಹಣಕಾಸು ಕಂಪನಿಗಳ ಠೇವಣಿಗೂ ಇಲ್ಲ. ಇಂಥ ಸಂಘಗಳು ‘ಬ್ಯಾಂಕ್’ ಎಂದು ಹೆಸರು ಹಾಕಿಕೊಳ್ಳುವಂತಿಲ್ಲ, ಇವುಗಳ ಠೇವಣಿಗೆ ವಿಮೆ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ನವೆಂಬರ್ 22ರಂದು ಪ್ರಕಟಣೆಯನ್ನೇ ಹೊರಡಿಸಿದೆ. ಪಿಗ್ಮಿ ಕಟ್ಟಿಸಿಕೊಳ್ಳುವವರು ಅದನ್ನು ಓದಿ ಹೇಳುತ್ತಾರೆಯೇ?

ಒಂದು ಠೇವಣಿ ಬಾಂಡನ್ನು ಕೈಗೆತ್ತಿಕೊಂಡು ನೋಡಿ. ಮೇಲೆ ಸಂಘದ ಹೆಸರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಕರ್ನಾಟಕ ಸರ್ಕಾರದಿಂದ ನೋಂದಾಯಿತ’, ಒಂದು ನೋಂದಣಿ ಸಂಖ್ಯೆ. ಆ ಸಂಖ್ಯೆ ಹೇಳುವುದು ಇಂಥದ್ದೊಂದು ಸಂಘ ಇದೆ ಎಂದಷ್ಟೇ. ಆದರೆ ಕೈಯಲ್ಲಿ ಹಿಡಿದ ರೈತ ‘ಸರ್ಕಾರದ್ದು’ ಎಂದು ಓದಿಕೊಳ್ಳುತ್ತಾನೆ. ಶಾಖೆಯ ಉದ್ಘಾಟನೆಗೆ ನಿಮ್ಮಂಥವರೇ ರಿಬ್ಬನ್ ಕತ್ತರಿಸಿದ ಫೋಟೊ ಗೋಡೆಯ ಮೇಲಿದ್ದರೆ ಅನುಮಾನ ಇನ್ನೆಲ್ಲಿಯದು? ವಿಮೆ ಇರುವ ಬ್ಯಾಂಕಿನ ವೆಬ್‌ಸೈಟಿನಲ್ಲಿ ಡಿಐಸಿಜಿಸಿ ಲೋಗೊ, ಕ್ಯೂಆರ್ ಕೋಡ್ ಹಾಕಿರುತ್ತಾರೆ. ವಿಮೆ ಇಲ್ಲದ ಕಡೆ ‘ಇಲ್ಲ’ ಎಂದು ಬರೆಯಬೇಕೆಂಬ ನಿಯಮ ಮಾಡುವುದು ರಾಜ್ಯಕ್ಕೆ ಕಷ್ಟವೇ? ಬಾಂಡಿನ ಮೇಲೆ, ಪಿಗ್ಮಿ ಪುಸ್ತಕದ ಮೇಲೆ, ಬಾಗಿಲ ಬಳಿ, ಓದಲಾಗುವ ಅಕ್ಷರದಲ್ಲಿ ಒಂದು ಸಾಲು: ‘ಈ ಠೇವಣಿಗೆ ಡಿಐಸಿಜಿಸಿ ವಿಮೆ ಇರುವುದಿಲ್ಲ’. ಇದು ನಮ್ಮ ಮೊದಲ ಬೇಡಿಕೆ, ಖರ್ಚು ಮುದ್ರಣದ್ದು ಮಾತ್ರ.

ಸಂಘ ತನ್ನ ಹಣವನ್ನು ಡಿಸಿಸಿ ಬ್ಯಾಂಕಿನಲ್ಲಿ ಇಟ್ಟಿರುತ್ತದಲ್ಲ, ಅಲ್ಲಿ ವಿಮೆ ಇದೆಯಲ್ಲ ಎಂದು ಕೆಲವು ನಿರ್ದೇಶಕರು ಸಮಾಧಾನ ಹೇಳುವುದುಂಟು. ಇದೆ. ಆದರೆ ಅಲ್ಲಿ ಸಂಘವೇ ಒಬ್ಬ ಠೇವಣಿದಾರ. ಸಾವಿರ ಜನರ 2 ಕೋಟಿಯನ್ನು ಸಂಘದ ಹೆಸರಲ್ಲಿ ಇಟ್ಟರೂ ವಿಮೆ ಅದೇ 5 ಲಕ್ಷ.

ಸಂಘಗಳು ಕೆಡುವ ದಾರಿ ಹೊಸದೇನಲ್ಲ. ಒಂದು ವರ್ಷದ ಠೇವಣಿ ತಂದು ಲೇಔಟಿನ ಸೈಟಿಗೆ, ಮಿಲ್ಲಿಗೆ ಸಾಲ ಕೊಡುತ್ತಾರೆ. ಠೇವಣಿ ವಾಪಸ್ ಕೇಳುವ ಹೊತ್ತಿಗೆ ಸಾಲ ಬಂದಿರುವುದಿಲ್ಲ, ಹೊಸ ಠೇವಣಿ ತಂದು ಹಳೆಯದನ್ನು ತೀರಿಸುತ್ತಾರೆ, ಅದಕ್ಕಾಗಿ ಬಡ್ಡಿ ಏರಿಸುತ್ತಾರೆ. ಮಾರ್ಚ್ ಕೊನೆಯ ವಾರದಲ್ಲಿ ಸುಸ್ತಿ ಸಾಲಗಾರನಿಗೇ ಹೊಸ ಸಾಲ ಬರೆದು ಹಳೆಯದನ್ನು ‘ವಸೂಲಿ’ ತೋರಿಸುವ ಹೊಂದಾಣಿಕೆ ನಡೆಯುತ್ತದೆ. ನಿರ್ದೇಶಕರ ನೆಂಟರ ಹೆಸರಲ್ಲಿ ಸಾಲ, ಅಡವಿನ ಚಿನ್ನದಲ್ಲಿ ನಕಲಿ, ಕಂಪ್ಯೂಟರ್ ಲೆಕ್ಕಕ್ಕೆ ಹತ್ತದ ಬಾಂಡು. ಠೇವಣಿ ಇಟ್ಟವರಲ್ಲಿ ಎಷ್ಟೋ ಮಂದಿ ನಾಮಮಾತ್ರ ಸದಸ್ಯರು, ಅವರಿಗೆ ಮತವೂ ಇಲ್ಲ, ಸೆಪ್ಟೆಂಬರ್ ಮಹಾಸಭೆಯಲ್ಲಿ ಕೇಳುವ ಬಾಯಿಯೂ ಇಲ್ಲ.

ಕೇಂದ್ರದ ಕೆಳಗೆ ಬರುವ ಬಹುರಾಜ್ಯ ಸಂಘಗಳನ್ನು ಬಿಟ್ಟರೆ, ಇದನ್ನೆಲ್ಲ ಹಿಡಿಯುವ ಅಧಿಕಾರ ರಿಸರ್ವ್ ಬ್ಯಾಂಕಿನದಲ್ಲ, ರಾಜ್ಯದ್ದು. ಸಹಕಾರ ಸಂಘಗಳು ರಾಜ್ಯ ಪಟ್ಟಿಯ 32ನೇ ನಮೂದು. 1959ರ ಸಹಕಾರ ಸಂಘಗಳ ಕಾಯ್ದೆಯ ಕಲಂ 63 ಲೆಕ್ಕ ಪರಿಶೋಧನೆಗೆ, ಕಲಂ 64 ವಿಚಾರಣೆಗೆ, ಕಲಂ 69 ನಷ್ಟ ಮಾಡಿದವರಿಂದಲೇ ಅಧಿಭಾರ ವಸೂಲಿಗೆ. ಹಾಗಾಗಿ ಶಾಸಕರಿಗೆ ನೇರ ಪ್ರಶ್ನೆ: ನಿಮ್ಮ ತಾಲ್ಲೂಕಿನಲ್ಲಿ ಠೇವಣಿ ಪಡೆಯುವ ಸಂಘಗಳೆಷ್ಟು? ಪರಿಶೋಧನೆಯಲ್ಲಿ ಕೆಳಗಿನ ದರ್ಜೆಗಳಾದ ‘ಸಿ’, ‘ಡಿ’ ವರ್ಗಕ್ಕೆ ಬಿದ್ದವು ಯಾವುವು, ಅವು ಇನ್ನೂ ಠೇವಣಿ ತೆಗೆದುಕೊಳ್ಳುತ್ತಿವೆಯೇ? ಕಲಂ 64ರ ವಿಚಾರಣೆ ಎಷ್ಟು ಬಾಕಿ? ಕಲಂ 69ರಲ್ಲಿ ಆದೇಶವಾದದ್ದೆಷ್ಟು, ಕೈಗೆ ಬಂದದ್ದೆಷ್ಟು? ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಿದರೆ ಸಹಕಾರ ಸಚಿವರು ಸದನದಲ್ಲಿ ಉತ್ತರಿಸಲೇಬೇಕು.

‘ಸಂಘಗಳು ಆರ್‌ಟಿಐಗೆ ಬರುವುದಿಲ್ಲ’ ಎಂದು ಅಧಿಕಾರಿಗಳು ಅರ್ಜಿ ತಳ್ಳುತ್ತಾರೆ. 2013ರ ಥಲಪ್ಪಾಲಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಪೂರ್ತಿ ಓದಿದರೆ ಬೇರೆ ಇದೆ: ಸಂಘ ನೇರವಾಗಿ ಬರುವುದಿಲ್ಲ, ಆದರೆ ಸಂಘಗಳ ಮೇಲ್ವಿಚಾರಣೆಯ ಸರ್ಕಾರಿ ಅಧಿಕಾರಿಗಳಾದ ನಿಬಂಧಕರು (ರಿಜಿಸ್ಟ್ರಾರ್) ಬರುತ್ತಾರೆ, ಕಾಯ್ದೆಯಡಿ ಅವರು ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ಪಡೆದು ಕೊಡಬೇಕು. ಉಪ ನಿಬಂಧಕರ ಕಚೇರಿಗೆ ಇದನ್ನು ಒಂದು ಸುತ್ತೋಲೆಯಲ್ಲಿ ತಿಳಿಸಿದರೆ ಸಾಕು.

ಕಡೆಯದು, ರಾಜ್ಯದ್ದೇ ಒಂದು ಠೇವಣಿ ರಕ್ಷಣಾ ನಿಧಿ. 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆಯಲ್ಲ ಎನ್ನಬೇಡಿ. ಅದು ಮುಳುಗಿದ ಮೇಲೆ ಆಸ್ತಿ ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಮೂಲಕ ಮಾರಿ, ಬಂದಷ್ಟನ್ನು ಹಂಚುವ ಕಾಯ್ದೆ. 90 ದಿನದ ಗಡುವೂ ಇಲ್ಲ, 5 ಲಕ್ಷದ ಖಾತ್ರಿಯೂ ಇಲ್ಲ. ಬ್ಯಾಂಕುಗಳು 2020ರ ಏಪ್ರಿಲ್‌ನಿಂದ ಕಟ್ಟುತ್ತ ಬಂದ ಪ್ರೀಮಿಯಂ ದರ 100 ರೂಪಾಯಿಗೆ ವರ್ಷಕ್ಕೆ 12 ಪೈಸೆ. ಅದೇ ದರ ಹಿಡಿದರೆ 10 ಕೋಟಿ ಠೇವಣಿಯ ಸಂಘಕ್ಕೆ ವರ್ಷಕ್ಕೆ 1,20,000 ರೂಪಾಯಿ, ಒಬ್ಬ ಮ್ಯಾನೇಜರನ ಕೆಲವು ತಿಂಗಳ ಸಂಬಳ. ಪತ್ತಿನ ಸಂಘಗಳ ಅಪಾಯ ಹೆಚ್ಚಾದ್ದರಿಂದ ದರ ಇದರ ಎರಡು-ಮೂರು ಪಟ್ಟು ಬೇಕಾದೀತು, ಅದನ್ನೂ ಒಪ್ಪುತ್ತೇವೆ. ‘ಡಿ’ ವರ್ಗದವರನ್ನು ನಿಧಿಗೆ ಸೇರಿಸಲೇಬಾರದು, ಇಲ್ಲವಾದರೆ ಕೆಟ್ಟ ಸಂಘದ ಸಾಲವನ್ನು ನೆಟ್ಟಗಿನ ಸಂಘಗಳು ಕಟ್ಟಬೇಕಾಗುತ್ತದೆ. ಕೇರಳದಲ್ಲಿ ಇಂಥ ಗ್ಯಾರಂಟಿ ನಿಧಿ ಮಂಡಳಿ ಇದೆ. ಅದು ಇದ್ದೂ ತ್ರಿಶ್ಶೂರಿನ ಕರುವನ್ನೂರಿನ ಸಹಕಾರ ಸಂಘದಲ್ಲಿ 2021ರಲ್ಲಿ ಹಗರಣ ಹೊರಬಿದ್ದಾಗ ಠೇವಣಿದಾರರು ಅಲೆದರು. ಆದ್ದರಿಂದಲೇ ಪರಿಶೋಧನೆಯ ಪ್ರಶ್ನೆಯನ್ನು ಮೊದಲು, ನಿಧಿಯದನ್ನು ಆಮೇಲೆ ಇಟ್ಟಿದ್ದೇವೆ.

ಉತ್ತರ ಬರವಣಿಗೆಯಲ್ಲಿ ಬರಲಿ. ‘ಸರ್ಕಾರದ ಗಮನಕ್ಕೆ ತರಲಾಗುವುದು’ ಎಂದಿದ್ದರೆ ಯಾವ ಇಲಾಖೆಯ, ಯಾವ ಅಧಿಕಾರಿಗೆ, ಯಾವ ದಿನಾಂಕದ ಪತ್ರ ಎಂಬುದೂ ಇರಲಿ. ನೀವು ಅಥವಾ ನಿಮ್ಮ ಮನೆಯವರು ಯಾವುದಾದರೂ ಪತ್ತಿನ ಸಂಘದ ನಿರ್ದೇಶಕರಾಗಿದ್ದರೆ, ಅದರ ಈ ವರ್ಷದ ಪರಿಶೋಧನಾ ವರ್ಗ ಯಾವುದೆಂದು ಅದೇ ಉತ್ತರದಲ್ಲಿ ತಿಳಿಸಿ.

ಇತಿ,
ಗಂಗಾವತಿ, ಕಾರಟಗಿ, ಸಿಂಧನೂರಿನ ಬ್ಯಾಂಕ್ ಹಾಗೂ ಸಹಕಾರ ಲೆಕ್ಕಪತ್ರ ವೃತ್ತಿಯವರು