ಭಾನುವಾರದ ಜಲವರ್ಣ: ಹಕ್ಕಲು ಆಯುವ ರೂತಳು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ ಧಾರವಾಡದ ಸಾಧನಕೇರಿಯಲ್ಲಿ ಸೇರೋಣ. ಈ ಸಲದ ವಿಷಯ ಬೈಬಲ್‌ನ ರೂತಳು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ರೂತಳು ಮೋವಾಬ್ ನಾಡಿನವಳು, ಗಂಡ ತೀರಿಹೋದ ಮೇಲೆ ಅತ್ತೆ ನವೊಮಿಯನ್ನು ಬಿಡದೆ ಬೇತ್ಲೆಹೇಮಿಗೆ ಬಂದಳು. ಜವೆಗೋಧಿ ಸುಗ್ಗಿಯಲ್ಲಿ ಬೋವಜನ ಹೊಲದಲ್ಲಿ ಕೊಯ್ಯುವವರ ಹಿಂದೆ ಹಕ್ಕಲು, ಅಂದರೆ ಬಿಟ್ಟುಹೋದ ತೆನೆ, ಆಯ್ದು ಮನೆ ನಡೆಸಿದಳು. ಬಿದ್ದ ತೆನೆಯನ್ನು ಬಡವರಿಗೆ, ಪರದೇಶಿಗಳಿಗೆ ಬಿಡಬೇಕು ಅನ್ನೋದು ಅಲ್ಲಿನ ಕಟ್ಟಳೆ. ನಮ್ಮ ಕಡೆ ಸುಗ್ಗಿ ಹೊಲ ನೋಡಿದವರಿಗೆ ಆ ಬಾಗಿದ ಬೆನ್ನು ಗೊತ್ತೇ ಇರುತ್ತದೆ, ಅಲ್ವಾ? ಮುಖಕ್ಕಿಂತ ಬೆನ್ನು ಮತ್ತು ಕೈ ಕಡೆ ಜಾಸ್ತಿ ಗಮನ ಕೊಡಿ. ಅವಳು ದುಡಿದವಳು, ಸುಮ್ನೆ ಕ್ಯಾಲೆಂಡರ್ ಸುಂದರಿ ಮಾಡಬೇಡಿ.

ಹಾಗಂತ ಜೋಳದ ತೆನೆ ಬಿಡಿಸಬೇಡಿ. ಜವೆಗೋಧಿ ಗಿಡ ಗಿಡ್ಡ, ತೆನೆಗೆ ಉದ್ದನೆಯ ಮೀಸೆ ಇರುತ್ತದೆ. ಹಳದಿ ಓಕರ್ ಬಳಿದು, ಹಾಳೆಯ ಮೇಲಿನ ಹೊಳಪು ಹೋಗುವಾಗ ಬ್ರಷ್‌ನ ಹಿಂಬದಿಯಿಂದ ಗೀರಿ. ತೆಳು ಬಿಳಿ ಗೆರೆ ಏಳುತ್ತದೆ. ತುಂಬಾ ಒದ್ದೆ ಇದ್ದಾಗ ಗೀರಿದರೆ ಬಣ್ಣ ಆ ಗೀರಿಗೇ ಇಳಿದು ಕಪ್ಪಾಗುತ್ತದೆ. ತಲೆವಸ್ತ್ರದ ಮೇಲಿನ ಬಿಸಿಲಿಗೆ ಬಿಳಿ ಬಣ್ಣ ಬೇಡ, ಹಾಳೆಯನ್ನೇ ಖಾಲಿ ಬಿಡಿ.

300 ಜಿಎಸ್ಎಂನ ದಪ್ಪ ಜಲವರ್ಣ ಹಾಳೆ, ಟೇಪ್, ನೀರಿಗೆ ಎರಡು ಡಬ್ಬಿ ತನ್ನಿ. ಹಾಳೆ ಇಲ್ಲದವರು ಶುಕ್ರವಾರದೊಳಗೆ ಇಲ್ಲೇ ಹೇಳಿ, ತಂದಿಡುತ್ತೇನೆ.