ಎಪ್ಪತ್ತೆಂಟರಲ್ಲಿ ಮಾಡಿದ ಪ್ರೇಮಚಿತ್ರ

ಮಾನ್ಯ ಸಂಪಾದಕರೇ,

ಹಿರಿಯ ನಿರ್ದೇಶಕರ ಕೊನೆಗಾಲದ ಚಿತ್ರಗಳ ಬಗ್ಗೆ ನಿಮ್ಮ ಸಿನಿಮಾ ಪುಟದಲ್ಲಿ ಬಂದ ಲೇಖನ ಓದಿದೆ. ವಯಸ್ಸಾದವರು ಮಾಡುವ ಲಘುವಾದ ಪ್ರೇಮಚಿತ್ರಗಳನ್ನು ಅದು ವಿಶ್ರಾಂತಿಯ ಕೆಲಸವೆಂದು ಒಂದೇ ಸಾಲಿನಲ್ಲಿ ಬದಿಗೆ ಸರಿಸಿಬಿಟ್ಟಿದೆ. ಫ್ರಾನ್ಸಿನ ಎರಿಕ್ ರೋಮೆರ್ 1998ರಲ್ಲಿ, ತಮ್ಮ 78ನೇ ವಯಸ್ಸಿನಲ್ಲಿ ತೆರೆಗೆ ತಂದ 'ಶರತ್ಕಾಲದ ಕಥೆ'ಯನ್ನು ನೋಡಿದ ಯಾರೂ ಆ ಮಾತನ್ನು ಒಪ್ಪಲಾರರು.

ಕಥೆ ಇಷ್ಟೇ. ರೋನ್ ನದಿಯ ಸೀಮೆಯಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುವ ಮಗಾಲಿ ವಿಧವೆ, ವಯಸ್ಸು ನಲವತ್ತು ದಾಟಿದೆ, ಮಕ್ಕಳು ದೊಡ್ಡವರಾಗಿದ್ದಾರೆ. ಜೊತೆಗೊಬ್ಬರು ಬೇಕೆಂಬ ಆಸೆಯಿದೆ, ಹುಡುಕಿಕೊಂಡು ಹೋಗಲು ಮನಸ್ಸಿಲ್ಲ. ಪುಸ್ತಕದಂಗಡಿ ನಡೆಸುವ ಗೆಳತಿ ಇಸಬೆಲ್ ಅವಳಿಗೆ ಹೇಳದೆಯೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಬಂದ ಜೆರಾಲ್ ಎಂಬ ಗಂಡಸನ್ನು ತಾನೇ ಮಗಾಲಿಯ ಜಾಗದಲ್ಲಿ ನಿಂತು ಭೇಟಿಯಾಗುತ್ತಾಳೆ. ಅತ್ತ ಮಗಾಲಿಯ ಮಗನ ಗೆಳತಿ ರೋಸಿನ್ ತನ್ನ ಹಳೆಯ ಮೇಷ್ಟ್ರನ್ನೇ ಮಗಾಲಿಗೆ ಜೋಡಿ ಮಾಡಲು ಹೊರಡುತ್ತಾಳೆ. ಎರಡೂ ಹಂಚಿಕೆಗಳು ಒಂದು ಮದುವೆ ಮನೆಯಲ್ಲಿ ಎದುರುಬದುರಾಗುತ್ತವೆ. ಮೇಷ್ಟ್ರ ಭಾಗ ಕೊಂಚ ಎಳೆದಂತಾಗಿದೆ ಎಂಬುದು ನನ್ನ ಅನಿಸಿಕೆ, ಅದಿರಲಿ.

ಇಂಥ ಕಥೆ ಕೈಗೆ ಸಿಕ್ಕಿದರೆ ಯಾರಾದರೂ ಗಲಿಬಿಲಿಯ ಹಾಸ್ಯ ಮಾಡಬಹುದಿತ್ತು. ರೋಮೆರ್ ಹಾಗೆ ಮಾಡಲಿಲ್ಲ. ಸುಳ್ಳು ಹೇಳಿದ ಇಸಬೆಲ್‌ಗೆ ಶಿಕ್ಷೆಯಿಲ್ಲ. ತಾನು ಭೇಟಿಯಾಗುತ್ತಿದ್ದ ಹೆಂಗಸು ಬೇರೊಬ್ಬಳ ಪರವಾಗಿ ಬಂದವಳೆಂದು ಗೊತ್ತಾದಾಗ ಜೆರಾಲ್ ಪೆಚ್ಚಾಗುತ್ತಾನೆ, ಆದರೆ ನಮ್ಮನ್ನು ನಗಿಸಲೆಂದು ಅವನನ್ನು ಕುಗ್ಗಿಸುವುದಿಲ್ಲ. ಅನುಮಾನ ಬಂದು ಮಗಾಲಿ ಸಿಡುಕಿದಾಗ ಆ ಸಿಟ್ಟಿಗೂ ಪೂರ್ತಿ ಹೊತ್ತು ಸಿಗುತ್ತದೆ. ಯಾರನ್ನೂ ಗೇಲಿ ಮಾಡದೆ ನಗು ಬರಿಸುವುದು ಬಹಳ ಕಷ್ಟದ ಕೆಲಸ. ಹಿನ್ನೆಲೆ ಸಂಗೀತದ ಆಸರೆಯನ್ನೂ ಅವರು ತೆಗೆದುಕೊಂಡಿಲ್ಲ. ಮಾತು, ಗಾಳಿ, ಕಾರಿನ ಸದ್ದು, ಇಷ್ಟರಲ್ಲೇ ಸನ್ನಿವೇಶ ನಿಲ್ಲುತ್ತದೆ. ಆ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಈ ಚಿತ್ರಕ್ಕೆ ಚಿತ್ರಕಥೆಯ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ನಟಿಯರ ಆಯ್ಕೆಯನ್ನೂ ಗಮನಿಸಬೇಕು. ಮಗಾಲಿಯಾಗಿರುವ ಬಿಯಾಟ್ರಿಸ್ ರೊಮಾಂಡ್, 1970ರಲ್ಲಿ ತೆರೆಕಂಡ ರೋಮೆರ್ ಚಿತ್ರವೊಂದರಲ್ಲಿ ಹದಿಹರೆಯದ ಹುಡುಗಿ. ಇಸಬೆಲ್ ಪಾತ್ರದ ಮರಿ ರಿವಿಯೆರ್, 1986ರಲ್ಲಿ ವೆನಿಸ್‌ನ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಸಿಂಹ ಗೆದ್ದ ಅವರ ಚಿತ್ರದ ನಾಯಕಿ. ಆ ಮುಖಗಳು ಹೇಗೆ ಮಾಗಿದವು ಎಂಬುದನ್ನು ವರ್ಷಗಟ್ಟಲೆ ಕಂಡ ನಿರ್ದೇಶಕ, ನಲವತ್ತು ದಾಟಿದ ಹೆಣ್ಣಿನ ಆಸೆಯನ್ನು, ಸಂಕೋಚವನ್ನು, ಹಟವನ್ನು ನಾಯಕಿಯ ಪಾಲಿಗೇ ಕೊಡುತ್ತಾರೆ. ಆ ವಯಸ್ಸಿನ ನಟಿಗೆ ತಾಯಿಯ ಪಾತ್ರವೊಂದನ್ನೇ ಎತ್ತಿಡುವ ಚಿತ್ರಗಳನ್ನು ನೋಡಿ ನೋಡಿ ಬೇಸತ್ತಿರುವ ನನಗೆ ಇದು ತುಂಬ ದೊಡ್ಡ ಸಂಗತಿ. ತೋಟಕ್ಕೆ ಕಳೆನಾಶಕ ಹೊಡೆಯದ, ತನ್ನ ಸೀಮೆಯ ವೈನ್ ಕೂಡ ಇಟ್ಟಷ್ಟೂ ಹದವಾಗುತ್ತದೆಂದು ತೋರಿಸಲು ಹೊರಟ ಮಗಾಲಿಯನ್ನು ಗಂಡಿಗಾಗಿ ಕಾದು ಕುಳಿತವಳೆಂದು ಯಾರೂ ಕರುಣೆಯಿಂದ ನೋಡಲಾರರು. ಅವಳಿಗೆ ಅವಳದೇ ಕೆಲಸವಿದೆ, ಅದರ ಹೆಮ್ಮೆಯಿದೆ. ಪ್ರೇಮ ಬಂದರೆ ಅದರ ಪಕ್ಕದಲ್ಲಿ ಬರಬೇಕು.

ಇಪ್ಪತ್ತೈದರ ನಿರ್ದೇಶಕರು ಇಂಥದ್ದನ್ನು ಮಾಡಲಾರರು ಎಂದು ನಾನು ಹೇಳುತ್ತಿಲ್ಲ. ಆದರೆ ಇಷ್ಟು ಆತುರವಿಲ್ಲದೆ, ತಾನು ಜಾಣನೆಂದು ಎಲ್ಲೂ ತೋರಿಸಿಕೊಳ್ಳದೆ ಮಾಡಲು ದೀರ್ಘ ಅಭ್ಯಾಸ ಬೇಕು. ನಾಲ್ಕು ಋತುಗಳ ಮೇಲೆ ನಾಲ್ಕು ಕಥೆಗಳೆಂದು 1990ರಲ್ಲಿ ವಸಂತದಿಂದ ಆರಂಭಿಸಿದ ಮಾಲೆಯನ್ನು ರೋಮೆರ್ ಈ ಚಿತ್ರದೊಂದಿಗೆ ಮುಗಿಸಿದರು. ಎಪ್ಪತ್ತರ ಹೊಸ್ತಿಲಲ್ಲಿ ಹಿಡಿದ ಕೆಲಸವನ್ನು ಎಂಟು ವರ್ಷ ಬಿಡದೆ ನಡೆಸಿದವರನ್ನು ವಿಶ್ರಾಂತಿಯಲ್ಲಿದ್ದವರು ಎನ್ನುವುದು ಹೇಗೆ?

ದಯವಿಟ್ಟು ನಿಮ್ಮ ಪುಟದಲ್ಲಿ ಇಂಥ ಚಿತ್ರಗಳಿಗೂ ಪೂರ್ಣ ವಿಮರ್ಶೆಯ ಜಾಗ ಕೊಡಿ. ರೋಮೆರ್ 2010ರಲ್ಲಿ ತೀರಿಕೊಂಡರು. 2007ರಲ್ಲಿ, 87ನೇ ವಯಸ್ಸಿನಲ್ಲಿ ಅವರು ತಂದ ಕೊನೆಯ ಚಿತ್ರವೂ ಪ್ರೇಮಕಥೆಯೇ, ಹದಿನೇಳನೇ ಶತಮಾನದ ಕಾದಂಬರಿಯೊಂದರಿಂದ ಎತ್ತಿಕೊಂಡ ಕುರಿಗಾಹಿಗಳ ಪ್ರೇಮ. ಆರಂಭಕ್ಕೆ ಅದರ ಬಗ್ಗೆಯೇ ಬರೆಸಬಹುದು.

ಇಂತಿ,
ನಿಮ್ಮ ಸಿನಿಮಾ ಪುಟದ ಓದುಗ